ಗರ್ಭಕೋಶದ ಒಳಪದರ: ಬೆಳೆಸುವ ಹಾರ್ಮೋನು, ಮಾಗಿಸುವ ಹಾರ್ಮೋನು – ಪದೇ ಪದೇ ಕೇಳುವ ಪ್ರಶ್ನೆಗಳು

ಗರ್ಭಕೋಶದ ಒಳಪದರದಿಂದ ತೆಗೆದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರಿಪೋರ್ಟು ಬರೆಯುವುದು ನನ್ನ ಕೆಲಸ. ರಿಪೋರ್ಟು ಕೈಗೆ ಸಿಕ್ಕವರಲ್ಲಿ ಕೆಲವರು ಅದನ್ನು ಹಿಡಿದುಕೊಂಡು ಲ್ಯಾಬಿನ ಬಾಗಿಲಿಗೇ ಬರುತ್ತಾರೆ. ‘ಪ್ರೊಲಿಫರೇಟಿವ್ ಅಂತ ಬರೆದಿದ್ದೀರಲ್ಲ, ಅದು ಗಡ್ಡೆಯಾ ಡಾಕ್ಟ್ರೇ?’ ಎಂದು ಕೇಳುತ್ತಾರೆ. ಅವರ ಮುಖದ ಗಾಬರಿ ನೋಡಿ ನೋಡಿ, ಕೇಳಿದ್ದನ್ನೆಲ್ಲ ಒಂದು ಕಡೆ ಕನ್ನಡದಲ್ಲಿ ಬರೆದಿಡಬೇಕು ಅನ್ನಿಸಿತು. ಇದನ್ನು ಓದಿ ಯಾರೂ ಔಷಧ ಶುರು ಮಾಡುವುದಾಗಲಿ ನಿಲ್ಲಿಸುವುದಾಗಲಿ ಬೇಡ. ನಿಮ್ಮನ್ನು ಪರೀಕ್ಷಿಸಿದ ವೈದ್ಯರ ಎದುರು ಕೂತು ಧೈರ್ಯವಾಗಿ ಮಾತಾಡಲು ನೆರವಾದರೆ ಸಾಕು.

‘ಪ್ರೊಲಿಫರೇಟಿವ್ ಎಂಡೊಮೆಟ್ರಿಯಂ’ ಅಂದರೆ ಕಾಯಿಲೆಯೇ?

ಮುಟ್ಟು ಆಗುತ್ತಿರುವ ಹೆಂಗಸಿಗೆ ಅದು ಕಾಯಿಲೆ ಅಲ್ಲ. ಒಳಪದರ ಬೆಳೆಯುವ ಹಂತದಲ್ಲಿದೆ ಎಂದಷ್ಟೇ ಅರ್ಥ. ಮುಟ್ಟು ನಿಂತ ದಿನದಿಂದ ಅಂಡ ಬಿಡುಗಡೆಯಾಗುವ ದಿನದವರೆಗೆ ಎಲ್ಲರ ಒಳಪದರವೂ ಹಾಗೆಯೇ ಕಾಣುತ್ತದೆ. ಆದರೆ ಮುಟ್ಟು ಪೂರ್ತಿ ನಿಂತು ಐದಾರು ವರ್ಷ ಕಳೆದವರ ಚೂರಿನಲ್ಲಿ ಇದೇ ಚಿತ್ರ ಕಂಡರೆ, ‘ಒಳಪದರವನ್ನು ಬೆಳೆಸುವ ಹಾರ್ಮೋನಾದ ಈಸ್ಟ್ರೋಜನ್ ಇವರಿಗೆ ಎಲ್ಲಿಂದ ಬರುತ್ತಿದೆ?’ ಎಂಬ ಪ್ರಶ್ನೆ ಏಳುತ್ತದೆ. ಶಬ್ದ ಒಂದೇ, ವಯಸ್ಸಿನ ಮೇಲೆ ಅದರ ತೂಕ ಬದಲಾಗುತ್ತದೆ.

ಇದೇ ಗೊಂದಲ ನೂರು ವರ್ಷಕ್ಕೂ ಹಿಂದೆ ವೈದ್ಯರಿಗೂ ಇತ್ತು. ತಿಂಗಳುದ್ದಕ್ಕೂ ಒಳಪದರದಲ್ಲಿ ಆಗುವ ಸಹಜ ಬದಲಾವಣೆಗಳನ್ನೇ ಅವರು ಉರಿಯೂತ ಎಂದು ಬರೆದು, ಕೆರೆದು ತೆಗೆಯುತ್ತಿದ್ದರು. 1908ರಲ್ಲಿ ವಿಯೆನ್ನಾದ ಫ್ರಿಟ್ಸ್ ಹಿಟ್ಷ್‌ಮನ್ ಮತ್ತು ಲುಡ್ವಿಗ್ ಆಡ್ಲರ್ ಎಂಬ ವೈದ್ಯರು ‘ಇದು ರೋಗವಲ್ಲ, ತಿಂಗಳ ಚಕ್ರ’ ಎಂದು ತೋರಿಸಿಕೊಟ್ಟರು. ಅಷ್ಟರೊಳಗೆ ಎಷ್ಟು ಹೆಂಗಸರು ಸುಮ್ಮನೆ ನೋವು ತಿಂದಿರಬೇಕು.

ಒಳಪದರದಲ್ಲಿ ಇರುವುದಾದರೂ ಏನು?

ಗರ್ಭಕೋಶದ ಗೋಡೆ ಬಹುಪಾಲು ಸ್ನಾಯು. ಅದರ ಒಳಮೈಗೆ ಅಂಟಿಕೊಂಡ ಮೆತ್ತನೆಯ ಹೊದಿಕೆಯೇ ಎಂಡೊಮೆಟ್ರಿಯಂ. ಅದರಲ್ಲಿ ಕೊಳವೆಯಂಥ ಗ್ರಂಥಿಗಳಿವೆ. ಗ್ರಂಥಿಗಳ ನಡುವಿನ ಜಾಗವನ್ನೆಲ್ಲ ತುಂಬಿಕೊಂಡ ಸ್ಟ್ರೋಮಾ ಜೀವಕೋಶಗಳಿವೆ. ಇವೆರಡರ ನಡುವೆ ಸುರುಳಿ ಸುತ್ತಿಕೊಂಡು ಮೇಲಕ್ಕೆ ಏರುವ ಸಣ್ಣ ರಕ್ತನಾಳಗಳಿವೆ.

ಈ ಹೊದಿಕೆಯ ಮೇಲಿನ ಭಾಗ ಪ್ರತಿ ಮುಟ್ಟಿನಲ್ಲೂ ಕಳಚಿ ಹೋಗುತ್ತದೆ. ತಳದ ಭಾಗ ಮುಟ್ಟಿನಲ್ಲಿ ಹೋಗುವುದಿಲ್ಲ. ಕಬ್ಬು ಕಡಿದ ಮೇಲೆ ಕೂಳೆ ಉಳಿದು, ಅದರಿಂದಲೇ ಮುಂದಿನ ಬೆಳೆ ಚಿಗುರುವಂತೆ, ಈ ತಳಪದರದಿಂದಲೇ ಮುಂದಿನ ತಿಂಗಳ ಒಳಪದರ ಏಳುತ್ತದೆ. ಒಬ್ಬ ಹೆಂಗಸಿನ ಜೀವಮಾನದಲ್ಲಿ ಇದು ಸುಮಾರು 400 ಸಲ ನಡೆಯುತ್ತದೆ. ದೊಡ್ಡವರ ಮೈಯಲ್ಲಿ ಇಷ್ಟು ಬೇಗ ಬೆಳೆದು, ಬಿದ್ದು, ಮತ್ತೆ ಬೆಳೆಯುವ ಅಂಗಾಂಶ ಹುಡುಕಿದರೂ ಸಿಗುವುದು ಕಷ್ಟ.

ಈಸ್ಟ್ರೋಜನ್ ಅಲ್ಲಿ ಏನು ಮಾಡುತ್ತದೆ?

ಬೆಳೆಸುತ್ತದೆ. ತಿಂಗಳ ಮೊದಲ ಭಾಗದಲ್ಲಿ ಅಂಡಾಶಯದಲ್ಲಿ ಒಂದು ಫಾಲಿಕಲ್, ಅಂದರೆ ಅಂಡವನ್ನು ಒಳಗಿಟ್ಟುಕೊಂಡ ಪುಟ್ಟ ಗುಳ್ಳೆ, ದೊಡ್ಡದಾಗುತ್ತಾ ಹೋಗುತ್ತದೆ. ಅದರ ಗೋಡೆಯ ಜೀವಕೋಶಗಳು ಈಸ್ಟ್ರಡಯಾಲ್ ಎಂಬ ಈಸ್ಟ್ರೋಜನ್ ತಯಾರಿಸುತ್ತವೆ. ರಕ್ತದಲ್ಲಿ ಹರಿದು ಬಂದ ಅದು ಒಳಪದರದ ಜೀವಕೋಶಗಳೊಳಗೆ ಸುಲಭವಾಗಿ ನುಗ್ಗುತ್ತದೆ. ಒಳಗೆ ಕೋಶಕೇಂದ್ರದಲ್ಲಿ ಅದನ್ನು ಹಿಡಿದುಕೊಳ್ಳಲೆಂದೇ ಒಂದು ಪ್ರೊಟೀನು ಇರುತ್ತದೆ. ಅದೇ ಈಸ್ಟ್ರೋಜನ್ ರಿಸೆಪ್ಟರ್. ಹಾರ್ಮೋನು ಸಿಕ್ಕಿದ ಕೂಡಲೇ ರಿಸೆಪ್ಟರ್ ಡಿಎನ್‌ಎಯ ನಿಗದಿತ ಜಾಗಗಳಿಗೆ ಹೋಗಿ ಕೂತು, ಜೀವಕೋಶ ವಿಭಜನೆಗೆ ಬೇಕಾದ ವಂಶವಾಹಿಗಳನ್ನು ಎಬ್ಬಿಸುತ್ತದೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ.

ಈ ಹಂತದ ಸ್ಲೈಡ್ ನೋಡುವುದು ನನಗೆ ಇಂದಿಗೂ ಬೇಸರ ತರದ ಕೆಲಸ. ಗ್ರಂಥಿಗಳು ನೇರವಾಗಿ, ದುಂಡಗೆ ಕಾಣುತ್ತವೆ. ಅವುಗಳ ಅಂಚಿನ ಜೀವಕೋಶಗಳು ಸಂತೆಯಲ್ಲಿ ಒತ್ತಿ ನಿಂತವರಂತೆ ಒಂದರ ಹೆಗಲ ಮೇಲೊಂದು ಇಣುಕುತ್ತವೆ. ಪಕ್ಕದಲ್ಲೇ ಒಂದು ಜೀವಕೋಶ ದುಂಡಗಾಗಿ ಕೊಳವೆಯ ಒಳಬದಿಗೆ ಸರಿದು ನಿಂತಿರುತ್ತದೆ. ಅದರ ಹೊಟ್ಟೆಯಲ್ಲಿ ಕಡುನೇರಳೆ ಬಣ್ಣದ ಸಣ್ಣ ಗೆರೆ. ಎರಡಾಗಲು ಸಾಲುಗಟ್ಟಿ ನಿಂತ ವರ್ಣತಂತುಗಳು ಅವು. ಒಂದು ಗ್ರಂಥಿಯಲ್ಲಿ ಅಂಥವು ಎರಡು ಮೂರು ಕಂಡರೆ, ಚೂರಿನ ಜೊತೆ ಬರುವ ಅರ್ಜಿಯಲ್ಲಿ ಯಾರೂ ಮುಟ್ಟಿನ ದಿನ ಬರೆಯದಿದ್ದರೂ ‘ಇವರಿಗಿನ್ನೂ ಅಂಡ ಬಿಡುಗಡೆಯಾಗಿಲ್ಲ’ ಎಂದು ಗೊತ್ತಾಗುತ್ತದೆ.

ಸ್ಕ್ಯಾನಿಂಗ್‌ನಲ್ಲಿ ಇದೇ ಬೆಳವಣಿಗೆ ಮಿಲಿಮೀಟರ್ ಲೆಕ್ಕದಲ್ಲಿ ಕಾಣುತ್ತದೆ. ಮುಟ್ಟಿನ ಹೊತ್ತಿಗೆ 1ರಿಂದ 4 ಮಿ.ಮೀ. ಇದ್ದದ್ದು ಅಂಡ ಬಿಡುಗಡೆಯಾಗುವ ಹೊತ್ತಿಗೆ 11 ಮಿ.ಮೀ.ವರೆಗೂ ಏರಬಹುದು.

ಈಸ್ಟ್ರೋಜನ್ ಮಾಡುವ ಇನ್ನೊಂದು ಕೆಲಸ ಬಹಳ ಮುಖ್ಯ: ಒಳಪದರದಲ್ಲಿ, ಮಾಗಿಸುವ ಹಾರ್ಮೋನಾದ ಪ್ರೊಜೆಸ್ಟರಾನನ್ನು ಹಿಡಿದುಕೊಳ್ಳುವ ರಿಸೆಪ್ಟರ್‌ಗಳನ್ನು ಹೆಚ್ಚಿಸುತ್ತದೆ. ತನ್ನನ್ನು ತಡೆಯಲು ಬರುವವರಿಗೆ ತಾನೇ ಮಣೆ ಹಾಕಿಟ್ಟಂತೆ. ಅದಕ್ಕೇ ಮೊದಲು ಈಸ್ಟ್ರೋಜನ್ ಸಿಗದ ಒಳಪದರಕ್ಕೆ ಪ್ರೊಜೆಸ್ಟರಾನ್ ಕೊಟ್ಟರೂ ಅದು ಓಗೊಡುವುದಿಲ್ಲ.

ಗ್ರಂಥಿಯ ಜೀವಕೋಶಕ್ಕೆ ಈಸ್ಟ್ರೋಜನ್ ನೇರವಾಗಿಯೇ ‘ಬೆಳೆ’ ಎನ್ನುತ್ತದೆಯೇ?

ಇದು ವಿದ್ಯಾರ್ಥಿಗಳ ಪ್ರಶ್ನೆ. ಉತ್ತರ ನನಗೆ ಬಹಳ ಇಷ್ಟವಾದದ್ದು. ಗ್ರಂಥಿಯ ಜೀವಕೋಶಗಳಲ್ಲೂ ರಿಸೆಪ್ಟರ್ ಇದೆ, ಹಾಗಾಗಿ ನೇರ ಮಾತುಕತೆ ಎಂದೇ ಎಲ್ಲರೂ ಊಹಿಸಿದ್ದರು. 1997ರಲ್ಲಿ ಪಾಲ್ ಕುಕ್, ಜೆರಾಲ್ಡ್ ಕುನ್ಹಾ ಮತ್ತು ಅವರ ಸಂಗಡಿಗರು ಸುಂಡಿಲಿಗಳಲ್ಲಿ ಒಂದು ಪ್ರಯೋಗ ಮಾಡಿದರು. ಈಸ್ಟ್ರೋಜನ್ ರಿಸೆಪ್ಟರ್ ಇಲ್ಲದಂತೆ ಹುಟ್ಟಿಸಿದ ಇಲಿಗಳಿಂದ ಮತ್ತು ಮಾಮೂಲಿ ಇಲಿಗಳಿಂದ ಗರ್ಭಕೋಶದ ಅಂಗಾಂಶ ತೆಗೆದು, ಮೇಲ್ಪದರವನ್ನೂ (ಒಳಮೈಗೂ ಗ್ರಂಥಿಗಳಿಗೂ ಅಂಚಾಗಿ ನಿಲ್ಲುವ ಜೀವಕೋಶಗಳ ಸಾಲು) ಸ್ಟ್ರೋಮಾವನ್ನೂ ಬೇರೆ ಮಾಡಿ, ಅದಲು ಬದಲು ಜೋಡಿಸಿದರು. ಮೇಲ್ಪದರದಲ್ಲಿ ರಿಸೆಪ್ಟರ್ ಇಲ್ಲದಿದ್ದರೂ ಸ್ಟ್ರೋಮಾದಲ್ಲಿ ಇದ್ದರೆ ಮೇಲ್ಪದರದ ಜೀವಕೋಶಗಳು ವಿಭಜಿಸಿದವು. ಸ್ಟ್ರೋಮಾದಲ್ಲಿ ಇಲ್ಲದಿದ್ದರೆ, ಮೇಲ್ಪದರದಲ್ಲಿ ಎಷ್ಟೇ ಇರಲಿ, ವಿಭಜಿಸಲಿಲ್ಲ.

ಅಂದರೆ ಈಸ್ಟ್ರೋಜನ್ ಹೇಳುವುದು ನೆರೆಯವರಿಗೆ. ಅದನ್ನು ಕೇಳಿಸಿಕೊಂಡ ಸ್ಟ್ರೋಮಾ ಐಜಿಎಫ್-1ರಂಥ ಬೆಳವಣಿಗೆ ಅಂಶಗಳನ್ನು ಸುರಿಸುತ್ತದೆ, ಅದರಿಂದ ಗ್ರಂಥಿ ಬೆಳೆಯುತ್ತದೆ. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಲ್ಲಿ ಹಾಗೇ ನಡೆಯಬೇಕೆಂದಿಲ್ಲ. ಆದರೂ ಒಳಪದರವನ್ನು ಬರೀ ಗ್ರಂಥಿಗಳ ಕತೆಯಾಗಿ ನೋಡುವುದು ಅಲ್ಲಿಗೆ ನಿಂತಿತು.

ಹಾಗಾದರೆ ಪ್ರೊಜೆಸ್ಟರಾನ್ ಕೆಲಸವೇನು?

ಬೆಳವಣಿಗೆಯನ್ನು ನಿಲ್ಲಿಸಿ, ಬೆಳೆದದ್ದನ್ನು ಮಾಗಿಸುವುದು. ಭತ್ತ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಪೈರು ಎತ್ತರಕ್ಕೆ ಹೋಗುವ ದಿನಗಳೇ ಬೇರೆ, ತೆನೆಯಲ್ಲಿ ಹಾಲು ತುಂಬುವ ದಿನಗಳೇ ಬೇರೆ. ಬರೀ ಹುಲುಸಾಗಿ ಎತ್ತರಕ್ಕೆ ಹೋಗುತ್ತಲೇ ಇದ್ದರೆ ಪೈರು ಕಾಳು ಕಟ್ಟದೆ ಒರಗಿಬಿಡುತ್ತದೆ.

ಅಂಡ ಹೊರಬಿದ್ದ ಫಾಲಿಕಲ್ ಹಳದಿ ಬಣ್ಣಕ್ಕೆ ತಿರುಗಿ ಕಾರ್ಪಸ್ ಲೂಟಿಯಂ ಆಗುತ್ತದೆ. ಪ್ರೊಜೆಸ್ಟರಾನ್ ಬರುವುದು ಅಲ್ಲಿಂದ. ಅದು ಬಂದು ಮೂರು ನಾಲ್ಕು ದಿನಗಳಲ್ಲಿ ಗ್ರಂಥಿಗಳಲ್ಲಿ ವಿಭಜನೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ತಡೆಯುವ ದಾರಿ ಒಂದಲ್ಲ. ಈಸ್ಟ್ರೋಜನ್ ರಿಸೆಪ್ಟರ್‌ಗಳನ್ನೇ ಕಡಿಮೆ ಮಾಡುತ್ತದೆ. ಈಸ್ಟ್ರಡಯಾಲನ್ನು ಅದಕ್ಕಿಂತ ಸಪ್ಪೆಯಾದ ಈಸ್ಟ್ರೋನ್ ಆಗಿ ಬದಲಿಸುವ ಕಿಣ್ವವನ್ನು ಗ್ರಂಥಿಯೊಳಗೇ ಹೆಚ್ಚಿಸುತ್ತದೆ. ಸ್ಟ್ರೋಮಾ ಸುರಿಸುತ್ತಿದ್ದ ಬೆಳವಣಿಗೆ ಅಂಶಗಳಿಗೂ ಕಡಿವಾಣ ಹಾಕುತ್ತದೆ. ರಕ್ತದಲ್ಲಿ ಈಸ್ಟ್ರೋಜನ್ ಇನ್ನೂ ಸಾಕಷ್ಟಿದ್ದರೂ ಒಳಪದರದ ಮಟ್ಟಿಗೆ ಅದರ ಮಾತು ನಡೆಯದಂತಾಗುತ್ತದೆ.

ಮುಟ್ಟು ಶುರುವಾದ ದಿನದಿಂದ ಎಣಿಸಿದರೆ, ಸ್ಲೈಡಿನಲ್ಲಿ ಮೊದಲ ಗುರುತು ಸುಮಾರು 17ನೇ ದಿನ ಚೆನ್ನಾಗಿ ಕಾಣುತ್ತದೆ. ಗ್ರಂಥಿಯ ಪ್ರತಿ ಜೀವಕೋಶದ ಬುಡದಲ್ಲೂ ಒಂದು ಬಿಳಿ ಗುಳ್ಳೆ, ಅದರ ಮೇಲೆ ಸಾಲಾಗಿ ಎದ್ದು ನಿಂತ ಕೋಶಕೇಂದ್ರಗಳು. ಗುಳ್ಳೆಯಲ್ಲಿದ್ದದ್ದು ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆ. ಮುಂದೆ ಅದು ಕೊಳವೆಯೊಳಗೆ ಸುರಿಯುತ್ತದೆ, ಗ್ರಂಥಿ ಗರಗಸದ ಹಲ್ಲಿನಂತೆ ಸೊಟ್ಟಗಾಗುತ್ತದೆ. 22ನೇ ದಿನದ ಸುಮಾರಿಗೆ ಸ್ಟ್ರೋಮಾ ನೀರು ಕುಡಿದು ಉಬ್ಬಿರುತ್ತದೆ. ಆಮೇಲೆ ಸ್ಟ್ರೋಮಾದ ಜೀವಕೋಶಗಳು ಅಗಲವಾಗಿ, ತುಂಬಿಕೊಂಡು, ಭ್ರೂಣ ಬಂದರೆ ಹಿಡಿದುಕೊಳ್ಳಲು ಸಜ್ಜಾಗುತ್ತವೆ. 28 ದಿನದ ಚಕ್ರವೆಂದು ಲೆಕ್ಕ ಹಿಡಿದು, ಒಳಪದರ ನೋಡಿ ದಿನ ಹೇಳುವ ಈ ಕ್ರಮವನ್ನು 1950ರಲ್ಲಿ ನೋಯ್ಸ್, ಹರ್ಟಿಗ್ ಮತ್ತು ರಾಕ್ ಬರೆದಿಟ್ಟರು. ಮಕ್ಕಳಾಗದ ತೊಂದರೆಗೆ ಕಾರಣ ಹುಡುಕುವಾಗ ಈ ದಿನದ ಲೆಕ್ಕಕ್ಕೆ ಈಗ ಮೊದಲಿನ ಬೆಲೆ ಇಲ್ಲ. ಆದರೆ ಸ್ಲೈಡ್ ನೋಡಲು ಕಲಿಯುವವರು ಇಂದಿಗೂ ಅಲ್ಲಿಂದಲೇ ಶುರು ಮಾಡುತ್ತಾರೆ.

ಮತ್ತೆ ಮುಟ್ಟು ಏಕೆ ಆಗುತ್ತದೆ?

ಗರ್ಭ ನಿಲ್ಲದಿದ್ದರೆ ಕಾರ್ಪಸ್ ಲೂಟಿಯಂ ಸುಮಾರು 14 ದಿನಕ್ಕೆ ಸೊರಗುತ್ತದೆ. ಪ್ರೊಜೆಸ್ಟರಾನ್ ಇಳಿದುಬಿಡುತ್ತದೆ. ಸುರುಳಿ ರಕ್ತನಾಳಗಳು ಬಿಗಿಯುತ್ತವೆ, ಅಂಗಾಂಶವನ್ನು ಕರಗಿಸುವ ಕಿಣ್ವಗಳು ಎಚ್ಚೆತ್ತುಕೊಳ್ಳುತ್ತವೆ, ಮೇಲಿನ ಪದರ ಕಳಚುತ್ತದೆ. ಮಾರ್ಕಿ ಎಂಬ ವಿಜ್ಞಾನಿ ಮಂಗಗಳ ಒಳಪದರದ ಚೂರನ್ನು ಅವುಗಳ ಕಣ್ಣಿನ ಪಾರದರ್ಶಕ ಪದರದ ಹಿಂದೆ ನೆಟ್ಟು, ರಕ್ತನಾಳ ಬಿಗಿಯುವುದನ್ನೂ ರಕ್ತ ಜಿನುಗುವುದನ್ನೂ ಬರಿಗಣ್ಣಿಗೆ ಕಾಣುವಷ್ಟು ಹತ್ತಿರದಿಂದ ನೋಡಿ 1940ರಲ್ಲಿ ಬರೆದ. ಗರ್ಭ ನಿಂತರೆ ಭ್ರೂಣದ ಎಚ್‌ಸಿಜಿ ಹಾರ್ಮೋನು ಕಾರ್ಪಸ್ ಲೂಟಿಯಂ ಸೊರಗದಂತೆ ನೋಡಿಕೊಳ್ಳುತ್ತದೆ. ಮನೆಯಲ್ಲಿ ಮೂತ್ರ ಪರೀಕ್ಷೆಯ ಪಟ್ಟಿಯ ಮೇಲೆ ಎರಡನೇ ಗೆರೆ ಮೂಡಿಸುವುದು ಅದೇ ಹಾರ್ಮೋನು.

ಅಷ್ಟು ದೊಡ್ಡ ಗಾಯ ಕಲೆಯಿಲ್ಲದೆ ಹೇಗೆ ಮಾಯುತ್ತದೆ?

ರಕ್ತ ಹೋಗುತ್ತಿರುವಾಗಲೇ ರಿಪೇರಿ ಶುರುವಾಗಿರುತ್ತದೆ. ಒಂದು ಮೂಲೆಯಲ್ಲಿ ಪದರ ಕಳಚುತ್ತಿದ್ದರೆ ಇನ್ನೊಂದು ಮೂಲೆಯಲ್ಲಿ ಹೊಸ ಹೊದಿಕೆ ಹರಡುತ್ತಿರುತ್ತದೆ. ಆ ದಿನಗಳಲ್ಲಿ ಈಸ್ಟ್ರೋಜನ್ ಬಹಳ ಕಡಿಮೆ ಇರುತ್ತದೆ, ಆದ್ದರಿಂದ ಈ ಮೊದಲ ಮುಚ್ಚುವಿಕೆ ಈಸ್ಟ್ರೋಜನ್ ನಂಬಿಕೊಂಡು ನಡೆಯುವುದಲ್ಲ. ಫಾಲಿಕಲ್ ಬೆಳೆದು ಈಸ್ಟ್ರೋಜನ್ ಏರಿದ ಮೇಲೆ ಪದರ ದಪ್ಪವಾಗುತ್ತದೆ. ಒಳಪದರದಲ್ಲಿ ಕಾಂಡಕೋಶಗಳ (ಹೊಸ ಜೀವಕೋಶಗಳನ್ನು ಹುಟ್ಟಿಸುತ್ತಲೇ ಇರಬಲ್ಲ ಸ್ಟೆಮ್ ಸೆಲ್‌ಗಳ) ಗುಣವುಳ್ಳ ಜೀವಕೋಶಗಳಿವೆ ಎಂಬುದಕ್ಕೆ 2004ರಲ್ಲಿ ಆಸ್ಟ್ರೇಲಿಯಾದ ಕ್ಯಾರೊಲಿನ್ ಗಾರ್ಗೆಟ್ ತಂಡ ಪುರಾವೆ ಕೊಟ್ಟಿತು.

ಹಸು, ನಾಯಿಗೂ ರಕ್ತ ಹೋಗುತ್ತದಲ್ಲ, ಅದೂ ಮುಟ್ಟೇ?

ಅಲ್ಲ. ಹಸು ಬೆದೆಗೆ ಬಂದು ಒಂದೆರಡು ದಿನವಾದ ಮೇಲೆ ಬಾಲದ ಬಳಿ ರಕ್ತದ ಕಲೆ ಕಾಣುವುದು ಹೈನು ಮಾಡುವವರಿಗೆಲ್ಲ ಗೊತ್ತು. ಅದು ಬೆದೆಯ ಕೊನೆಗೆ ಈಸ್ಟ್ರೋಜನ್ ಇಳಿದಾಗ ಜಿನುಗುವ ರಕ್ತ. ಹೆಣ್ಣು ನಾಯಿಗೆ ಬೆದೆಗೆ ಮುಂಚೆ ಈಸ್ಟ್ರೋಜನ್ ಏರುವಾಗಲೇ ಬರುತ್ತದೆ. ಪ್ರೊಜೆಸ್ಟರಾನ್ ಇಳಿದು ಒಳಪದರವೇ ಕಳಚುವ ನಿಜವಾದ ಮುಟ್ಟು ಮನುಷ್ಯರು, ಚಿಂಪಾಂಜಿಯಂಥ ಬಾಲವಿಲ್ಲದ ವಾನರಗಳು, ಕೆಲವು ಮಂಗಗಳು, ಕೆಲವು ಬಾವಲಿಗಳಂಥ ಬೆರಳೆಣಿಕೆಯ ಪ್ರಾಣಿಗಳಲ್ಲಷ್ಟೇ ಇದೆ.

ಹಬ್ಬಕ್ಕೆ, ಮದುವೆಗೆ ಅಂತ ಮುಟ್ಟು ಮುಂದೂಡುವ ಮಾತ್ರೆ ತಗೊಳ್ತೀವಿ. ಅದು ಒಳಪದರಕ್ಕೆ ಏನು ಮಾಡುತ್ತದೆ?

ವರಮಹಾಲಕ್ಷ್ಮಿ, ಗೌರಿ ಹಬ್ಬ ಹತ್ತಿರ ಬಂದಾಗ ಈ ಪ್ರಶ್ನೆ ಬಾರದ ವರ್ಷವಿಲ್ಲ. ಆ ಮಾತ್ರೆ ಸಾಮಾನ್ಯವಾಗಿ ನೊರೆತಿಸ್ಟರಾನ್, ಪ್ರೊಜೆಸ್ಟರಾನಿನಂತೆ ಕೆಲಸ ಮಾಡುವ ಕೃತಕ ಹಾರ್ಮೋನು. ಮುಟ್ಟು ಬರಬೇಕಾದ ದಿನಕ್ಕೆ ಮೂರು ದಿನ ಮೊದಲೇ ಶುರು ಮಾಡಿ, 5 ಮಿ.ಗ್ರಾಂ.ನಂತೆ ದಿನಕ್ಕೆ ಮೂರು ಬಾರಿ ಕೊಡುವುದು ವಾಡಿಕೆ. ಅಂಡಾಶಯದ ಪ್ರೊಜೆಸ್ಟರಾನ್ ಇಳಿದರೂ ಈ ಮಾತ್ರೆ ಪದರವನ್ನು ಆತುಕೊಂಡು ನಿಂತಿರುತ್ತದೆ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು ಬರುತ್ತದೆ. ರಕ್ತ ಆಗಲೇ ಶುರುವಾದ ಮೇಲೆ ನುಂಗಿದರೆ ಮುಂದೂಡಿದಂತಾಗುವುದಿಲ್ಲ. ಹೀಗೆ ನುಂಗುವುದು ಗರ್ಭನಿರೋಧಕವೂ ಅಲ್ಲ.

ಅಪರೂಪಕ್ಕೆ ಒಮ್ಮೆ, ವೈದ್ಯರನ್ನು ಕೇಳಿ ತೆಗೆದುಕೊಂಡರೆ ಒಳಪದರಕ್ಕೆ ಹಾನಿಯಿಲ್ಲ. ನನಗೆ ನೋವಾಗುವುದು ಮೆಡಿಕಲ್ ಅಂಗಡಿಯಿಂದ ಚೀಟಿಯಿಲ್ಲದೆ ತರಿಸಿ, ಅತ್ತೆಯೋ ಅಕ್ಕನೋ ಹೇಳಿದಷ್ಟು ದಿನ ನುಂಗುವುದನ್ನು ಕಂಡಾಗ. ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರಿಗೆ ಈ ಮಾತ್ರೆ ಅಪಾಯ. ಏಕೆಂದರೆ ನೊರೆತಿಸ್ಟರಾನಿನ ಸ್ವಲ್ಪ ಭಾಗ ಮೈಯಲ್ಲಿ ಈಸ್ಟ್ರೋಜನ್ ಜಾತಿಯ ವಸ್ತುವಾಗಿ ಬದಲಾಗುತ್ತದೆ. ಹಬ್ಬದ ದಿನ ಮುಟ್ಟಾದರೆ ದೇವಿ ಮುನಿಯುತ್ತಾಳೆ ಎಂದು ನಾನಂತೂ ನಂಬಿಲ್ಲ. ಆದರೆ ಆ ಹುಡುಗಿಯ ಮನೆಯಲ್ಲಿ ಆ ದಿನ ಏನು ನಡೆಯುತ್ತದೆ ಎಂಬುದು ಅವಳಿಗೇ ಗೊತ್ತು. ಹಾಗಾಗಿ ಬೈಯುವುದಿಲ್ಲ, ವೈದ್ಯರನ್ನು ಕೇಳಿ ಎನ್ನುತ್ತೇನೆ.

ಪಿಸಿಒಡಿ ಇದೆ, ಮೂರು ನಾಲ್ಕು ತಿಂಗಳಿಗೊಮ್ಮೆ ಮುಟ್ಟು. ಆಗದಿದ್ದರೆ ಒಳ್ಳೆಯದೇ ಅಲ್ಲವೇ?

ಈ ಮಾತು ಕಾಲೇಜು ಹುಡುಗಿಯರ ಬಾಯಲ್ಲಿ ಕೇಳುತ್ತೇನೆ. ಪಿಸಿಒಡಿ ಅಂದರೆ ಅಂಡಾಶಯದಿಂದ ಅಂಡ ನಿಯಮಿತವಾಗಿ ಬಿಡುಗಡೆಯಾಗದ ತೊಂದರೆ. ಅಂಡ ಬಿಡುಗಡೆಯಾಗದಿದ್ದರೆ ಕಾರ್ಪಸ್ ಲೂಟಿಯಂ ಇಲ್ಲ, ಅದಿಲ್ಲದೆ ಪ್ರೊಜೆಸ್ಟರಾನ್ ಇಲ್ಲ. ಈಸ್ಟ್ರೋಜನ್ ಮಾತ್ರ ಸಣ್ಣಗೆ ಬರುತ್ತಲೇ ಇರುತ್ತದೆ. ಒಳಪದರಕ್ಕೆ ‘ಬೆಳೆ’ ಎಂಬ ಮಾತು ತಿಂಗಳುಗಟ್ಟಲೆ ಕೇಳಿಸುತ್ತದೆ, ‘ಸಾಕು’ ಎನ್ನುವವರಿಲ್ಲ. ಇಂಥ ಪದರ ಮಾಗದೆ, ತನ್ನ ಭಾರಕ್ಕೆ ತಾನೇ ಅಲ್ಲಲ್ಲಿ ಕುಸಿದು, ದಿನಗಟ್ಟಲೆ ರಕ್ತ ಸುರಿಸುತ್ತದೆ. ವರ್ಷಗಟ್ಟಲೆ ಹೀಗೇ ಬಿಟ್ಟರೆ ಗ್ರಂಥಿಗಳು ಒತ್ತೊತ್ತಾಗಿ ಬೆಳೆಯುತ್ತವೆ. ಪಿಸಿಒಡಿ ಇರುವವರಲ್ಲಿ ಒಳಪದರದ ಕ್ಯಾನ್ಸರ್ ಅಪಾಯ ಉಳಿದವರಿಗಿಂತ ಎರಡರಿಂದ ಮೂರು ಪಟ್ಟು. ಚಿಕ್ಕ ವಯಸ್ಸಿನಲ್ಲಿ ಆ ಕ್ಯಾನ್ಸರ್ ಅಪರೂಪವೇ ಆದ್ದರಿಂದ ನಿದ್ದೆಗೆಡುವಷ್ಟು ಭಯ ಬೇಡ. ಆದರೆ ಮೂರು ತಿಂಗಳಾದರೂ ಮುಟ್ಟಾಗದಿದ್ದರೆ ಸುಮ್ಮನೆ ಕೂರಬೇಡಿ. ಗರ್ಭ ಇಲ್ಲವೆಂದು ಖಚಿತ ಮಾಡಿಕೊಂಡು, ಕೆಲವು ದಿನ ಪ್ರೊಜೆಸ್ಟರಾನ್ ಮಾತ್ರೆ ಕೊಟ್ಟು ನಿಲ್ಲಿಸಿ, ಪದರ ಕಳಚುವಂತೆ ವೈದ್ಯರು ಮಾಡುತ್ತಾರೆ. ಗರ್ಭನಿರೋಧಕ ಮಾತ್ರೆಗಳೂ ಇದೇ ರಕ್ಷಣೆ ಕೊಡುತ್ತವೆ. ಅವನ್ನು ಬಳಸಿದವರಲ್ಲಿ ಒಳಪದರದ ಕ್ಯಾನ್ಸರ್ ಕಡಿಮೆ, ನಿಲ್ಲಿಸಿದ ಎಷ್ಟೋ ವರ್ಷಗಳವರೆಗೂ ಕಡಿಮೆ.

ತೂಕಕ್ಕೂ ಇದಕ್ಕೂ ಏನು ಸಂಬಂಧ?

ಕೊಬ್ಬಿನ ಅಂಗಾಂಶದಲ್ಲಿ ಅರೊಮಟೇಸ್ ಎಂಬ ಕಿಣ್ವ ಇದೆ. ಅದು ಮೈಯಲ್ಲಿರುವ, ಗಂಡು ಹಾರ್ಮೋನು ಎಂದು ಕರೆಯುವ ಆಂಡ್ರೋಜನ್‌ಗಳನ್ನು ಈಸ್ಟ್ರೋಜನ್ ಆಗಿ ಬದಲಿಸುತ್ತದೆ. ಹಾಗಾಗಿ ಮುಟ್ಟು ನಿಂತು ಅಂಡಾಶಯ ಸುಮ್ಮನಾದ ಮೇಲೂ ಹೆಚ್ಚು ತೂಕದವರ ಒಳಪದರಕ್ಕೆ ಈಸ್ಟ್ರೋಜನ್ ಸಿಗುತ್ತಲೇ ಇರುತ್ತದೆ, ಪ್ರೊಜೆಸ್ಟರಾನ್ ಇರುವುದಿಲ್ಲ.

ನನಗೆ 47. ಎರಡು ತಿಂಗಳು ಮುಟ್ಟಿಲ್ಲ, ಆಮೇಲೆ ಹದಿನೈದು ದಿನ ನಿಲ್ಲದ ರಕ್ತ. ‘ಮುಟ್ಟು ನಿಲ್ಲೋ ಕಾಲಕ್ಕೆ ಹಂಗೇ’ ಅಂತಾರೆ ಎಲ್ಲರೂ.

ಅವರು ಹೇಳುವುದು ಅರ್ಧ ನಿಜ. ಈ ವಯಸ್ಸಿನಲ್ಲಿ ಅಂಡ ಬಿಡುಗಡೆಯಾಗದ ತಿಂಗಳುಗಳು ಹೆಚ್ಚುತ್ತವೆ, ಪಿಸಿಒಡಿಯಲ್ಲಿ ನಡೆಯುವುದೇ ಇಲ್ಲೂ ನಡೆಯುತ್ತದೆ. ಬಹುಪಾಲು ಜನರ ಚೂರಿನಲ್ಲಿ ನನಗೆ ಕಾಣುವುದು ಬರೀ ಅಡ್ಡಾದಿಡ್ಡಿ ಬೆಳೆದು ಕುಸಿದ ಪದರ. ಆದರೆ ನೋಡದೆ ಹಾಗೆಂದು ಹೇಳಲು ಬರುವುದಿಲ್ಲ. ನಲವತ್ತೈದು ದಾಟಿದವರಿಗೆ ಹೀಗೆ ರಕ್ತ ಹೋದರೆ ಒಳಪದರದ ಚೂರು ತೆಗೆದು ನೋಡಲೇಬೇಕು. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ, ಆ ವಾರವೇ ತೋರಿಸಿ. ‘ಉಷ್ಣಕ್ಕೆ ಆಯ್ತು’ ಎಂದು ಆರು ತಿಂಗಳು ಎಳನೀರು ಕುಡಿದು, ಕೊನೆಗೆ ಬಂದವರ ಸ್ಲೈಡ್‌ಗಳನ್ನು ನಾನು ನೋಡಿದ್ದೇನೆ. ಅವನ್ನು ನೋಡುವುದು ಸುಲಭವಲ್ಲ. ಮೊದಲ ಹನಿಗೇ ಬಂದವರಲ್ಲಿ ಆ ಕ್ಯಾನ್ಸರ್ ಸಿಕ್ಕರೂ ಹೆಚ್ಚಾಗಿ ಗರ್ಭಕೋಶದೊಳಗೇ ಇರುತ್ತದೆ, ವಾಸಿಯಾಗುತ್ತದೆ.

ಹೈಪರ್‌ಪ್ಲೇಸಿಯಾ ಅಂದರೆ ಕ್ಯಾನ್ಸರೇ?

ಅಲ್ಲ. ಗ್ರಂಥಿಗಳು ಸ್ಟ್ರೋಮಾವನ್ನು ಬದಿಗೊತ್ತಿ ಅತಿಯಾಗಿ ಬೆಳೆದಿವೆ ಎಂದರ್ಥ. ರಿಪೋರ್ಟಿನಲ್ಲಿ ‘ಅಟಿಪಿಯಾ’ ಎಂಬ ಶಬ್ದದ ಹಿಂದೆ ಮುಂದೆ ಏನಿದೆ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2014ರಿಂದ ಇದನ್ನು ಎರಡೇ ಗುಂಪು ಮಾಡಿದೆ: ಅಟಿಪಿಯಾ ಇಲ್ಲದ್ದು, ಇರುವುದು. ಜೀವಕೋಶಗಳ ಸಂಖ್ಯೆ ಹೆಚ್ಚಿದ್ದು ರೂಪ ಕೆಡದಿದ್ದರೆ ಮೊದಲನೆಯದು. ಅದು ಮುಂದೆ 20 ವರ್ಷದಲ್ಲಿ ಕ್ಯಾನ್ಸರ್ ಆಗುವ ಸಾಧ್ಯತೆ ಶೇ 5ಕ್ಕಿಂತ ಕಡಿಮೆ. ಎರಡನೆಯದರಲ್ಲಿ ಕೋಶಕೇಂದ್ರಗಳ ಆಕಾರವೇ ಬದಲಾಗಿರುತ್ತದೆ, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಹಾಗಾದರೆ ಗರ್ಭಕೋಶ ತೆಗೆಸಿಬಿಡುವುದೇ ಒಳ್ಳೆಯದಲ್ಲವೇ? ಮಕ್ಕಳೂ ಆಗಿವೆ.

ಅಟಿಪಿಯಾ ಇದ್ದು, ಮಕ್ಕಳು ಸಾಕೆನ್ನುವವರಿಗೆ ತೆಗೆಸುವುದೇ ಸರಿ. ಅಟಿಪಿಯಾ ಇಲ್ಲದವರಿಗೆ ಮೊದಲ ಮದ್ದು ಪ್ರೊಜೆಸ್ಟರಾನೇ. ಕಾಯಿಲೆಯ ಕಾರಣ ಪ್ರೊಜೆಸ್ಟರಾನಿನ ಕೊರತೆ, ಅದನ್ನು ತುಂಬಿದರೆ ಬಹುಪಾಲು ಜನರಲ್ಲಿ ಪದರ ತಾನಾಗಿ ಸರಿಹೋಗುತ್ತದೆ. ಮಾತ್ರೆಯಾಗಿ ಕೊಡಬಹುದು. ಇನ್ನೂ ಚೆನ್ನಾಗಿ ಕೆಲಸ ಮಾಡುವುದು ಲೆವೊನೊರ್ಜೆಸ್ಟ್ರೆಲ್ ಸೂಸುವ, ಗರ್ಭಕೋಶದೊಳಗೇ ಇಡುವ ಸಾಧನ. 52 ಮಿ.ಗ್ರಾಂ. ಔಷಧ ತುಂಬಿದ ಆ ಪುಟ್ಟ ‘ಟಿ’ ಮೊದಮೊದಲು ದಿನಕ್ಕೆ 20 ಮೈಕ್ರೋಗ್ರಾಂನಷ್ಟು ಔಷಧವನ್ನು ಒಳಪದರಕ್ಕೇ ಬಿಡುತ್ತದೆ. ಆರು ತಿಂಗಳ ನಂತರ ಅದೇ ಹೆಂಗಸಿನ ಚೂರು ಮತ್ತೆ ನನ್ನ ಮೇಜಿಗೆ ಬಂದಾಗ ಗುರುತು ಸಿಗುವುದಿಲ್ಲ. ಹಿಂದೆ ಒತ್ತೊತ್ತಾಗಿ ತುಂಬಿದ್ದ ಗ್ರಂಥಿಗಳು ಈಗ ಅಲ್ಲೊಂದು ಇಲ್ಲೊಂದು ದಾರದಷ್ಟು ತೆಳ್ಳಗೆ, ಸುತ್ತ ಗುಲಾಬಿ ಬಣ್ಣದ ಅಗಲ ಸ್ಟ್ರೋಮಾ. ನನ್ನ ಕೆಲಸದಲ್ಲಿ ಇಷ್ಟು ಸಂತೋಷ ಕೊಡುವ ಸ್ಲೈಡ್ ಬೇರೊಂದಿಲ್ಲ.

ಸ್ಕ್ಯಾನಿಂಗ್‌ನಲ್ಲಿ ‘ದಪ್ಪ’ ಎಂದ ಒಂದೇ ಮಾತಿಗೆ, ಬಯಾಪ್ಸಿಯೂ (ಚೂರು ತೆಗೆದು ನೋಡುವ ಪರೀಕ್ಷೆ) ಇಲ್ಲದೆ, ಮೂವತ್ತೈದು ದಾಟದವರ ಗರ್ಭಚೀಲ ತೆಗೆದು ನಮಗೆ ಕಳುಹಿಸಿದ್ದುಂಟು. ಕೊಯ್ದು ನೋಡಿದರೆ ಒಳಗೆ ಇದ್ದದ್ದು 20ನೇ ದಿನದ ಸಹಜ ಪದರ. ಯಾರಾದರೂ ಹಾಗೆ ಸಲಹೆ ಕೊಟ್ಟರೆ ‘ಬಯಾಪ್ಸಿ ರಿಪೋರ್ಟ್ ಎಲ್ಲಿ?’ ಎಂದು ಕೇಳಿ. ಕೇಳುವುದು ಉದ್ಧಟತನ ಅಲ್ಲ.

ಎಷ್ಟು ಮಿ.ಮೀ. ಇದ್ದರೆ ದಪ್ಪ ಎನ್ನಬೇಕು?

ಮುಟ್ಟಾಗುವವರಿಗೆ ಒಂದು ಅಂಕಿಯಿಂದ ಹೇಳಲಾಗದು. ಚಕ್ರದ ಎರಡನೇ ಭಾಗದಲ್ಲಿ 16 ಮಿ.ಮೀ. ಕೂಡ ಸಹಜವಿರಬಹುದು. ಮುಟ್ಟು ನಿಂತ ಮೇಲೆ ರಕ್ತ ಕಂಡವರಲ್ಲಿ ಮಾತ್ರ ಅಂಕಿ ಉಪಯೋಗಕ್ಕೆ ಬರುತ್ತದೆ: 4 ಮಿ.ಮೀ. ಅಥವಾ ಕಡಿಮೆ ಇದ್ದರೆ ಕ್ಯಾನ್ಸರ್ ಸಾಧ್ಯತೆ ಬಹಳ ಕಡಿಮೆ. ಆದರೂ ರಕ್ತ ಮರುಕಳಿಸಿದರೆ ಪದರ ತೆಳುವಿದೆ ಎಂದು ಬಿಡುವಂತಿಲ್ಲ.

ಮುಟ್ಟು ನಿಂತ ಮೇಲೆ ಬಿಸಿ ಏರುವುದಕ್ಕೆ ಈಸ್ಟ್ರೋಜನ್ ಮಾತ್ರೆ ಕೊಡುತ್ತಾರೆ. ತೆಗೆದುಕೊಳ್ಳಬಹುದೇ?

ಗರ್ಭಕೋಶ ಇರುವವರು ಈಸ್ಟ್ರೋಜನ್ ಮಾತ್ರೆಯನ್ನು ಒಂಟಿಯಾಗಿ ತೆಗೆದುಕೊಳ್ಳಬಾರದು. ಈ ಪಾಠವನ್ನು ಅಮೆರಿಕ ಬೆಲೆ ತೆತ್ತು ಕಲಿಯಿತು. ಅಲ್ಲಿ ಲಕ್ಷಗಟ್ಟಲೆ ಹೆಂಗಸರು ಬರೀ ಈಸ್ಟ್ರೋಜನ್ ನುಂಗುತ್ತಿದ್ದರು. ಹಾಗೆ ನುಂಗಿದವರಲ್ಲಿ ಒಳಪದರದ ಕ್ಯಾನ್ಸರ್ ಹಲವು ಪಟ್ಟು ಹೆಚ್ಚೆಂದು 1975ರಲ್ಲಿ ಎರಡು ಅಧ್ಯಯನಗಳು ಒಟ್ಟಿಗೇ ಹೊರಬಂದವು. ಆಮೇಲೆ 596 ಹೆಂಗಸರ ಮೇಲೆ ಮೂರು ವರ್ಷ ನಡೆದ ‘ಪೆಪಿ’ ಪರೀಕ್ಷೆಯ ಫಲ 1996ರಲ್ಲಿ ಬಂತು. ಒಂಟಿ ಈಸ್ಟ್ರೋಜನ್ ಪಡೆದವರಲ್ಲಿ ಶೇ 62 ಮಂದಿಗೆ ಒಂದಲ್ಲ ಒಂದು ಬಗೆಯ ಹೈಪರ್‌ಪ್ಲೇಸಿಯಾ ಆಗಿತ್ತು. ಜೊತೆಗೆ ಪ್ರೊಜೆಸ್ಟರಾನ್ ಜಾತಿಯ ಔಷಧ ಪಡೆದವರಲ್ಲಿ ಅದು ಹುಸಿಮಾತ್ರೆ ಪಡೆದವರಷ್ಟೇ ಇತ್ತು. ಹಾರ್ಮೋನು ಚಿಕಿತ್ಸೆ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ರಾತ್ರಿಯೆಲ್ಲ ಬೆವರಿ ಎದ್ದು ಕೂರುವವರ ಕಷ್ಟ ದೊಡ್ಡದು. ಜೊತೆಯ ಮಾತ್ರೆ ಬಿಡಬೇಡಿ ಎನ್ನುತ್ತಿದ್ದೇನೆ.

ಸ್ತನ ಕ್ಯಾನ್ಸರ್‌ಗೆ ಟಮಾಕ್ಸಿಫೆನ್ ತೆಗೆದುಕೊಳ್ಳುತ್ತಿದ್ದೇನೆ. ಗರ್ಭಕೋಶಕ್ಕೆ ತೊಂದರೆಯಂತೆ?

ಟಮಾಕ್ಸಿಫೆನ್ ಸ್ತನದಲ್ಲಿ ಈಸ್ಟ್ರೋಜನ್ನಿಗೆ ಅಡ್ಡ ನಿಲ್ಲುತ್ತದೆ, ಗರ್ಭಕೋಶದಲ್ಲಿ ಈಸ್ಟ್ರೋಜನ್ನಿನಂತೆಯೇ ನಡೆದುಕೊಳ್ಳುತ್ತದೆ. ಮುಟ್ಟು ನಿಂತವರಲ್ಲಿ ಒಳಪದರದ ಕ್ಯಾನ್ಸರ್ ಅಪಾಯ ಎರಡು ಮೂರು ಪಟ್ಟಾಗುತ್ತದೆ. ಆದರೆ ಸ್ತನ ಕ್ಯಾನ್ಸರ್ ಮರಳದಂತೆ ತಡೆಯುವ ಅದರ ಉಪಕಾರ ಇದಕ್ಕಿಂತ ಬಹಳ ದೊಡ್ಡದು. ಹೆದರಿ ನಿಲ್ಲಿಸಬೇಡಿ. ರಕ್ತ ಕಂಡರೆ ಮಾತ್ರ ತಡಮಾಡಬೇಡಿ.

ಪದರ ತೆಳು, ಎಷ್ಟು ಈಸ್ಟ್ರೋಜನ್ ಕೊಟ್ಟರೂ 7 ಮಿ.ಮೀ. ದಾಟುತ್ತಿಲ್ಲ ಅಂತಾರೆ ಐವಿಎಫ್ (ಪ್ರನಾಳ ಶಿಶು) ಡಾಕ್ಟರು.

ಈಸ್ಟ್ರೋಜನ್ ಬೆಳೆಸಬೇಕಾದರೆ ತಳದಲ್ಲಿ ಕೂಳೆ ಇರಬೇಕು. ಹಿಂದೆ ಅತಿಯಾಗಿ ಕೆರೆದಿದ್ದರೆ ತಳಪದರವೇ ಹೋಗಿ ಗೋಡೆಗಳು ಅಂಟಿಕೊಂಡಿರಬಹುದು. ನಮ್ಮ ದೇಶದಲ್ಲಿ ಇನ್ನೊಂದು ಕಾರಣವನ್ನು ಮರೆಯುವಂತಿಲ್ಲ: ಕ್ಷಯ. ಕೆಮ್ಮು, ಕಫ ಏನೂ ಇಲ್ಲದೆ ಗರ್ಭನಾಳ, ಗರ್ಭಕೋಶದಲ್ಲಿ ಸದ್ದಿಲ್ಲದೆ ಕೂರುವ ಕ್ಷಯ ಒಳಪದರವನ್ನು ಹಾಳುಮಾಡುತ್ತದೆ. ಇದನ್ನು ಹುಡುಕಲು ಚೂರು ತೆಗೆಯುವುದಾದರೆ ಮುಟ್ಟಿಗೆ ಸ್ವಲ್ಪ ಮುಂಚೆ ತೆಗೆಯಬೇಕು. ಪದರ ಪ್ರತಿ ತಿಂಗಳೂ ಕಳಚುವುದರಿಂದ ಕ್ಷಯದ ಗಂಟುಗಳು ರೂಪುಗೊಳ್ಳಲು ಅಷ್ಟು ದಿನ ಬೇಕು.

ಪ್ಯಾಪ್ ಸ್ಮಿಯರ್ ಸರಿ ಇದೆ. ಸಾಕಲ್ಲ?

ಸಾಲದು. ಅದು ಗರ್ಭಕೋಶದ ಬಾಯಿಯ ಪರೀಕ್ಷೆ. ಒಳಪದರದ ಬಗ್ಗೆ ಅದನ್ನು ನಂಬಿ ಕೂರುವಂತಿಲ್ಲ.

ಬಯಾಪ್ಸಿಗೆ ಹೋಗುವಾಗ ಏನು ಹೇಳಬೇಕು?

ಕೊನೆಯ ಮುಟ್ಟು ಶುರುವಾದ ತಾರೀಖು. ನುಂಗುತ್ತಿರುವ ಮಾತ್ರೆ, ಅದರಲ್ಲೂ ಹಾರ್ಮೋನು ಮಾತ್ರೆ, ನಿಲ್ಲಿಸಿ ಎಷ್ಟು ದಿನವಾಯಿತು ಎಂಬುದೂ ಸೇರಿ. ಒಳಗೆ ಏನಾದರೂ ಸಾಧನ ಇಟ್ಟಿದ್ದರೆ ಅದು. ಗರ್ಭದ ಅನುಮಾನ ಒಂದಿಷ್ಟಾದರೂ ಇದ್ದರೆ ಎಲ್ಲಕ್ಕಿಂತ ಮೊದಲು ಅದು.

ನನ್ನ ಮೇಜಿಗೆ ಬರುವ ಅರ್ಜಿಗಳಲ್ಲಿ ಮುಟ್ಟಿನ ತಾರೀಖಿನ ಜಾಗ ಎಷ್ಟೋ ಸಲ ಖಾಲಿ ಇರುತ್ತದೆ. ಫಾರ್ಮಲಿನ್ ಬಾಟಲಿಯ ತಳದಲ್ಲಿ ಕಂದುಗೆಂಪು ಚೂರುಗಳು, ಅದರ ಮೇಲೆ ಹೆಸರು, ವಯಸ್ಸು, ಅಷ್ಟೇ. ಗ್ರಂಥಿಗಳು ದಾರದಂತೆ ತೆಳ್ಳಗಿವೆ, ಸ್ಟ್ರೋಮಾ ಅಗಲವಾಗಿದೆ. ಇದು ಮಾತ್ರೆಯ ಪರಿಣಾಮವೋ, ಒಳಗಿಟ್ಟ ಸಾಧನದ್ದೋ, ಗರ್ಭದ್ದೋ? ಫೋನು ಮಾಡಿ ವಾರ್ಡಿನ ಸಿಸ್ಟರನ್ನು ಕೇಳುತ್ತೇನೆ, ಅವರು ರೋಗಿಯನ್ನು ಕೇಳುತ್ತಾರೆ, ರಿಪೋರ್ಟು ಎರಡು ದಿನ ತಡವಾಗುತ್ತದೆ. ಹಾಗಾಗಿ ಒಂದು ಸಣ್ಣ ಚೀಟಿಯಲ್ಲಿ ತಾರೀಖನ್ನೂ ಮಾತ್ರೆಯ ಹೆಸರನ್ನೂ ಬರೆದುಕೊಂಡು ಹೋಗಿ, ಅರ್ಜಿ ತುಂಬುವವರ ಕೈಗೇ ಕೊಡಿ.